ಹಳೆಯ ಕುರ್ಚಿ, ಹೊಸ ಹೊದಿಕೆ

ಊಟದ ಮೇಜು-ಕುರ್ಚಿ ನಮ್ಮ ಕನ್ನಡ ಮನೆಗಳಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ನಮ್ಮಲ್ಲಿ ಅನೇಕರ ಅಜ್ಜಂದಿರು ಮಣೆಯ ಮೇಲೆ ಕುಳಿತು ಉಂಡರು, ತಂದೆಯವರು ಚಾಪೆಯ ಮೇಲೆ ಕುಳಿತು ಉಂಡರು, ನಾವು ಕಾಲು ಇಳಿಬಿಟ್ಟು ಉಣ್ಣುತ್ತಿದ್ದೇವೆ. ‘ಕುರ್ಚಿ’ ಎಂಬ ಮಾತೂ ಮೂಲತಃ ನಮ್ಮದಲ್ಲ. ಅದು ಅರಬ್ಬಿಯ ‘ಕುರ್ಸಿ’. ಹೈದರಾಬಾದಿನಲ್ಲಿ ಸಂಸಾರ ಹೂಡಿರುವ ನಮಗೆ ಆ ಮೂಲರೂಪವೇ ದಿನವೂ ಕಿವಿಗೆ ಬೀಳುತ್ತದೆ. ಹೀಗೆ ಮಾತೂ ಎರವಲು, ಆಸನವೂ ಎರವಲು. ಆದರೂ ಮನೆಗೆ ಬಂದವರನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಉಪಚರಿಸುವಾಗ ನಾವು ಇಂದು ಮುಂದೆ ಎಳೆಯುವುದು ಅದನ್ನೇ. ಅಂಥ ಕುರ್ಚಿ ಹರಿದು, ಬಣ್ಣಗೆಟ್ಟು, ಕಿರುಗುಟ್ಟತೊಡಗಿದಾಗ ಏನು ಮಾಡಬೇಕು ಎಂಬುದು ಮೇಲ್ನೋಟಕ್ಕೆ ಬಡಗಿಯ ಪ್ರಶ್ನೆ. ಸ್ವಲ್ಪ ಕೆದಕಿದರೆ ಅದು ಸರಿ-ತಪ್ಪಿನ ಪ್ರಶ್ನೆಯೂ ಹೌದೆಂದು ನಮಗೆ ತೋರುತ್ತದೆ.

ನಮ್ಮಂಥ ಗುಮಾಸ್ತರ ಮನೆಗೆ ಆರು ಕುರ್ಚಿಗಳು ಒಂದೇ ಅಂಗಡಿಯಿಂದ ಒಂದೇ ದಿನ ಬರುವುದು ಅಪರೂಪ. ನಮ್ಮಲ್ಲಿರುವ ಆರರಲ್ಲಿ ನಾಲ್ಕು ರೆಕ್ಸಿನ್ ಹೊದಿಸಿದ ಮರದ ಕುರ್ಚಿಗಳು. ವರ್ಗವಾಗಿ ಊರು ಬಿಟ್ಟ ಒಬ್ಬ ಹಿರಿಯ ಸಹೋದ್ಯೋಗಿಯಿಂದ ಕೊಂಡವು. ಉಳಿದೆರಡು ಬೆತ್ತದ ಕುರ್ಚಿಗಳು. ಜುಮೇರಾತ್ ಬಜಾರಿನ ಹಳೇ ಸಾಮಾನಿನ ಸಾಲಿನಿಂದ ಆಟೋದಲ್ಲಿ ಹೇರಿಕೊಂಡು ತಂದವು. ನಾಲ್ಕು ಒಂದು ಜಾತಿ, ಎರಡು ಇನ್ನೊಂದು ಜಾತಿ. ಆದರೂ ಒಂದೇ ಮೇಜಿನ ಸುತ್ತ ಜಗಳವಿಲ್ಲದೆ ನಿಂತಿವೆ, ನಮ್ಮ ಊರಿನ ಹಾಗೆ. ಕಾಲಕ್ರಮದಲ್ಲಿ ರೆಕ್ಸಿನ್ ಬಿರಿಯಿತು, ಒಳಗಿನ ಸ್ಪಂಜು ಹಳದಿ ಪುಡಿಯಾಗಿ ಉದುರತೊಡಗಿತು, ಬೆತ್ತ ಜೋತುಬಿತ್ತು. ಯುಗಾದಿಗೆ ಮುಂಚೆ ಇವಕ್ಕೊಂದು ಗತಿ ಕಾಣಿಸೋಣ, ಹೊಸದು ಬೇಡ, ಇರುವುದನ್ನೇ ಮನೆಯಲ್ಲಿ ಚೊಕ್ಕ ಮಾಡೋಣ ಎಂದು ನಾವು ನಿಶ್ಚಯಿಸಿದಾಗ, ಅಂದು ಊಟಕ್ಕೆ ಬಂದಿದ್ದ ನಮ್ಮ ಷಡ್ಡಕರು ನಕ್ಕು, ‘ಮೇಲೆ ಥಳಕು ಒಳಗೆ ಹುಳುಕು’ ಎಂದುಬಿಟ್ಟರು. ಅವರ ವಾದ ಇಷ್ಟೆ: ಹಳೆಯದಾದರೆ ಹಳೆಯದೆಂದೇ ಇರಲಿ, ಕೈಲಾದರೆ ಹೊಸದು ಕೊಳ್ಳಿ; ಹಳೆಯದಕ್ಕೆ ಹೊಸ ವೇಷ ಹಾಕುವುದು ಬಂದವರ ಕಣ್ಣಿಗೆ ಮಣ್ಣೆರಚುವ ಕೆಲಸ.

ಗಾದೆಗೆ ಗಾದೆಯನ್ನೇ ಉತ್ತರ ಹೇಳಿ ಗೆಲ್ಲುವುದು ಸುಲಭ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ಹಿರಿಯರು, ಹಾಸಿಗೆ ಹರಿದಿದ್ದರೆ ಹರಿದ ಹಾಗೆಯೇ ಬಿಡು ಎಂದು ಹೇಳಲಿಲ್ಲ. ಆದರೆ ಷಡ್ಡಕರ ಮಾತಿನಲ್ಲಿ ಒಂದು ಮುಳ್ಳಿದೆ. ಅದನ್ನು ನಗೆಯಲ್ಲಿ ತೇಲಿಸುವುದು ಸರಿಯಲ್ಲ. ಸಿಂಗಾರ ಎಂಬುದು ಎಲ್ಲಿಯವರೆಗೆ ಸಿಂಗಾರ, ಎಲ್ಲಿಂದ ಸುಳ್ಳು?

ನಮ್ಮ ಕಡೆಯ ಕೌದಿಯನ್ನು ನೋಡಿ. ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆನಿಂತ ಹಳೆಯ ಕನ್ನಡ ಮನೆಗಳಲ್ಲಿ ಇಂದಿಗೂ ಪೆಟ್ಟಿಗೆಯ ತಳದಲ್ಲಿ ಒಂದೆರಡು ಕೌದಿ ಸಿಕ್ಕೇ ಸಿಗುತ್ತವೆ. ಹರಿದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಅದರ ಚೆಲುವೆಲ್ಲ ತೇಪೆಯಲ್ಲೇ ಇದೆ. ತೇಪೆಯನ್ನು ಅಡಗಿಸುವ ಹಟ ಅದಕ್ಕಿಲ್ಲ. ಇದು ಅಜ್ಜಿಯ ಸೀರೆ, ಇದು ತಂಗಿಯ ಲಂಗ ಎಂದು ಬೆರಳಿಟ್ಟು ತೋರಿಸಬಹುದು. ಕೌದಿ ಹೊದ್ದು ಮಲಗಿದ ಅತಿಥಿ ತಾನು ಮೋಸ ಹೋದೆನೆಂದು ಎಂದೂ ಹೇಳಲಾರ. ಅಂದರೆ ಹಳೆಯದನ್ನು ಚೆಂದ ಮಾಡುವುದರಲ್ಲೇ ದೋಷವಿಲ್ಲ. ಅಂಗಳದ ರಂಗೋಲಿಯೂ ಹಾಗೆಯೇ. ಮೊದಲು ಕಸ ಗುಡಿಸಬೇಕು, ನೀರು ಹಾಕಿ ಸಾರಿಸಬೇಕು, ಆಮೇಲೆ ಎಳೆ. ಕಸದ ಮೇಲೆ ರಂಗೋಲಿ ನಿಲ್ಲುವುದೂ ಇಲ್ಲ.

ಕುರ್ಚಿಯ ಕೆಲಸಕ್ಕೆ ಕೈಹಾಕಿದಾಗ ಈ ಗುಡಿಸುವ-ಸಾರಿಸುವ ಭಾಗವೇ ಹೆಚ್ಚೆಂದು ತಿಳಿಯುತ್ತದೆ. ಮೊದಲು ಕುರ್ಚಿಯನ್ನು ಬುಡಮೇಲು ಮಾಡಬೇಕು. ಆಸನದ ಹಲಗೆಯನ್ನು ಕೆಳಗಿನಿಂದ ನಾಲ್ಕು ಸ್ಕ್ರೂಗಳು ಹಿಡಿದಿರುತ್ತವೆ. ಅವನ್ನು ಬಿಚ್ಚಿದರೆ ಹಲಗೆ ಕೈಗೆ ಬರುತ್ತದೆ. ಹಳೆಯ ರೆಕ್ಸಿನ್ ಮತ್ತು ಮೊಳೆಗಳನ್ನು ಕಿತ್ತು, ಪುಡಿಯಾದ ಸ್ಪಂಜನ್ನು ಎಸೆದು, ಸಂದುಗಳನ್ನು ಕುದಿನೀರಿನಿಂದ ತೊಳೆಯಬೇಕು. ತಿಗಣೆಗಳಿಗೆ ಅದೇ ಮದ್ದು. ಕುರ್ಚಿ ಚೆನ್ನಾಗಿ ಒಣಗಿದ ಮೇಲೆ ಅಲುಗಾಡುವ ಕಾಲುಗಳನ್ನು ನೋಡಬೇಕು. ಅನೇಕರು ಸಡಿಲವಾದ ಸಂದಿಗೆ ಮೇಲಿನಿಂದಲೇ ಫೆವಿಕಾಲ್ ಸುರಿಯುತ್ತಾರೆ. ಹಳೆಯ ಗೋಂದು ಒಳಗೆ ಗಟ್ಟಿಯಾಗಿ ಕುಳಿತಿರುವಾಗ ಹೊಸದು ಮರದ ನಾರಿನೊಳಕ್ಕೆ ಇಳಿಯಲಾರದು. ಸಂದನ್ನು ಬಿಚ್ಚಿ, ಹಳೆಯದನ್ನು ಕೆರೆದು ತೆಗೆದು, ಹೊಸ ಗೋಂದು ಹಚ್ಚಿ, ಕಾಲುಗಳ ಸುತ್ತ ಹಗ್ಗ ಬಿಗಿದು, ಹಗ್ಗದ ನಡುವೆ ಒಂದು ಕೋಲು ತೂರಿಸಿ ತಿರುಚಿ, ಒಂದು ದಿನ ಹಾಗೆಯೇ ಬಿಟ್ಟರೆ ಕೂಡಿಕೊಳ್ಳುತ್ತದೆ. ಇದಾವುದೂ ಬಂದವರ ಕಣ್ಣಿಗೆ ಬೀಳುವ ಕೆಲಸವಲ್ಲ.

ಕಣ್ಣಿಗೆ ಬೀಳುವುದು ಬಟ್ಟೆ. ಹದಿನಾರು ಅಂಗುಲ ಚೌಕದ ಆಸನಕ್ಕೆ, ಮಗ್ಗುಲಿಗೂ ಅಡಿಯ ಮಡಿಕೆಗೂ ಸೇರಿಸಿ, ಇಪ್ಪತ್ನಾಲ್ಕು ಅಂಗುಲ ಚೌಕ ಬೇಕು. 54 ಅಂಗುಲ ಪನ್ನದ ದಪ್ಪ ಬಟ್ಟೆ ಒಂದೂಕಾಲು ಮೀಟರ್ ತಂದರೆ ನಾಲ್ಕು ಕುರ್ಚಿಗೆ ಸಾಕು. ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ತಾನಿನ ಕೊನೆಯ ತುಂಡುಗಳನ್ನು ಕೇಳಿ ಪಡೆದರೆ ಇನ್ನೂ ಅಗ್ಗ. ಹಲಗೆಯ ಮೇಲೆ ಒಂದೂವರೆ ಅಂಗುಲದ ಗಟ್ಟಿ ಸ್ಪಂಜು ಇಟ್ಟು, ಬಟ್ಟೆಯನ್ನು ನಾಲ್ಕೂ ಬದಿಯ ನಡುವಿನಿಂದ ಮೊದಲು ಎಳೆದು ಮೊಳೆ ಹೊಡೆದು, ಆಮೇಲೆ ಮೂಲೆಗಳ ಕಡೆ ಸಾಗಬೇಕು. ಮೂಲೆಯಿಂದ ಆರಂಭಿಸಿದರೆ ಸುಕ್ಕು ತಪ್ಪದು. ನಮ್ಮ ಮನೆಯಲ್ಲಿ ಒಂದು ಕುರ್ಚಿಗೆ ಅಂಗಡಿಯ ಬಟ್ಟೆಯ ಬದಲು ಹಳೆಯ ಇಳಕಲ್ ಸೀರೆಯ ಒಡಲನ್ನು, ಅಡಿಯಲ್ಲಿ ಕೋರಾ ಬಟ್ಟೆ ಕೊಟ್ಟು, ಹಾಕೋಣವೆಂದು ಮಾತಾಯಿತು. ಅಮ್ಮ ಉಟ್ಟ ಸೀರೆಯ ಮೇಲೆ ಕೂರುವುದೇ ಎಂದು ನಮಗೆ ಮುಜುಗರ. ಅಮ್ಮನೇ, ‘ಕೌದಿಯೊಳಗೆ ಹಾಕಿದ್ದರೆ ಅದರ ಮೇಲೆ ಮಲಗುತ್ತಿರಲಿಲ್ಲವೇನೋ?’ ಎಂದು ಕೇಳಿ ಆ ಚರ್ಚೆಗೆ ಮಂಗಳ ಹಾಡಿದರು. ಆ ಕುರ್ಚಿಗೆ ಈಗ ಮಕ್ಕಳಲ್ಲಿ ಪೈಪೋಟಿ.

ಮರಕ್ಕೆ ಪಾಲಿಶ್ ಮಾಡುವ ವಿಷಯದಲ್ಲಿ ಮಾತ್ರ ಷಡ್ಡಕರ ಮುಳ್ಳು ನಮ್ಮನ್ನು ಮತ್ತೆ ಚುಚ್ಚಿತು. ಕಾಡುಮರಕ್ಕೆ ತೇಗದ ಬಣ್ಣ ಬಳಿದು ತೇಗವೆಂದು ಹೇಳಿಕೊಳ್ಳುವವರುಂಟು. ಮರವೇ ಅಲ್ಲದ ಹಲಗೆಯ ಮೇಲೆ ಮರದ ಗೆರೆಗಳನ್ನು ಅಚ್ಚುಹಾಕಿದ ಹಾಳೆ ಅಂಟಿಸುವುದಂತೂ ಇಂದಿನ ಪದ್ಧತಿ. ನಾವು ಹಚ್ಚಿದ್ದು ಹಳೆಯ ಕಾಲದ ಅರಗಿನ ಪಾಲಿಶ್. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಯ ಮೇಲೆ ಒಂದು ಜಾತಿಯ ಚಿಕ್ಕ ಕೀಟ ಸುರಿಸುವ ಅಂಟೇ ಅರಗು. ಅದನ್ನು ಶುದ್ಧಮಾಡಿದ ಹಕ್ಕಳೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೆಳುವಾಗಿ ಉಜ್ಜಿದರೆ, ಸ್ಪಿರಿಟ್ ಆರಿಹೋಗಿ ಅರಗಿನ ಪೊರೆ ಉಳಿಯುತ್ತದೆ. ಪಾರದರ್ಶಕವಾದ ಪೊರೆ, ಮರ ಯಾವುದೋ ಅದೇ ಕಾಣುತ್ತದೆ, ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಗೀರು ಬಿದ್ದರೆ ಮತ್ತೆ ಸ್ವಲ್ಪ ಉಜ್ಜಿದರಾಯಿತು, ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಇಂದಿನ ಗಟ್ಟಿ ವಾರ್ನಿಷುಗಳಿಗೆ ಈ ಗುಣವಿಲ್ಲ. ನೀರಿನ ಲೋಟ ಇಟ್ಟರೆ ಬಿಳಿ ಕಲೆ ಕಟ್ಟುವುದು ಅರಗಿನ ದೋಷ, ಅದನ್ನೂ ಹೇಳಬೇಕು.

ಈ ಅರಗಿನಿಂದಲೇ ಅಲ್ಲವೇ ದುರ್ಯೋಧನ ವಾರಣಾವತದಲ್ಲಿ ಮನೆ ಕಟ್ಟಿಸಿದ್ದು? ನೋಡಲು ಅರಮನೆ, ಒಳಗೆ ಬೆಂಕಿಗೆ ಆಹಾರ. ಅದೇ ಅರಗು ನಮ್ಮ ಕುರ್ಚಿಯ ಕಾಲನ್ನು ಪಸೆಯಿಂದ, ಕೊಳೆಯಿಂದ ಕಾಯುತ್ತದೆ. ಹೀಗಿರುವಾಗ ಸುಳ್ಳು ಇರುವುದು ಹೊದಿಕೆಯಲ್ಲಲ್ಲ, ಹೊದಿಸುವವನ ಸಂಕಲ್ಪದಲ್ಲಿ. ಸಂಕಲ್ಪವನ್ನು ಪರೀಕ್ಷಿಸುವುದು ಹೇಗೆ ಎಂದರೆ ನಮಗೆ ತೋಚಿದ ಒರೆಗಲ್ಲು ಒಂದೇ: ಬಂದವರ ಎದುರಿಗೆ ಕುರ್ಚಿಯನ್ನು ಬುಡಮೇಲು ಮಾಡಿ ತೋರಿಸಬಲ್ಲೆವೇ? ‘ಹೊಸದೇ?’ ಎಂದು ಕೇಳಿದಾಗ ‘ಇಲ್ಲ, ಹಳೆಯದೇ, ಬಟ್ಟೆ ಬದಲಾಯಿಸಿದೆವು’ ಎಂದು ತಡವರಿಸದೆ ಹೇಳಬಲ್ಲೆವೇ? ಹೇಳಬಲ್ಲೆವಾದರೆ ಅದು ಕೌದಿ. ಹೇಳಲಾರೆವಾದರೆ ಅರಗಿನ ಮನೆ, ಎಷ್ಟೇ ಚಿಕ್ಕದಾಗಲಿ.

ಇದು ಬರಿಯ ಮಾತಿನ ಜಾಣತನವೆಂದು ಯಾರಿಗಾದರೂ ಅನಿಸಿದರೆ, ಹೆಣ್ಣು ನೋಡುವ ಶಾಸ್ತ್ರವನ್ನು ನೆನೆಸಿಕೊಳ್ಳಬೇಕು. ಪರ ಊರಿನಲ್ಲಿರುವ ನಮಗೆ ಇದು ಇನ್ನೂ ಬಿಗಿಯಾದ ವಿಷಯ. ಊರಿನಲ್ಲಾದರೆ ನಾಲ್ಕು ತಲೆಮಾರು ನಮ್ಮನ್ನು ಬಲ್ಲವರಿರುತ್ತಾರೆ. ಕುರ್ಚಿ ನೋಡಿ ಮನೆತನ ಅಳೆಯುವ ಅಗತ್ಯವಿಲ್ಲ. ಇಲ್ಲಿ ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬೆಳಗಿನ ರೈಲಿಗೆ ಬಂದವರು ಒಂದು ತಾಸಿನಲ್ಲಿ ನಮ್ಮನ್ನು ಓದಿಕೊಂಡು ಸಂಜೆಯ ರೈಲಿಗೆ ಹೊರಡುತ್ತಾರೆ. ಅವರ ಕಣ್ಣು ಗೋಡೆ, ಪರದೆ, ಕುರ್ಚಿಗಳ ಮೇಲೆ ಓಡುವುದು ಸಹಜ. ಪಕ್ಕದ ಮನೆಯಿಂದ ಎರಡು ಕುರ್ಚಿ ಕೇಳಿ ತರುವುದರಲ್ಲಿ ಏನೂ ತಪ್ಪಿಲ್ಲ. ಪಕ್ಕದ ಮನೆಯ ಹುಡುಗನೇ ಅವನ್ನು ಎಲ್ಲರೆದುರು ಹೊತ್ತು ತರುತ್ತಾನೆ. ಆದರೆ ಒಂದು ದಿನದ ಬಾಡಿಗೆಗೆ ಸೋಫಾ ತರಿಸಿ ನಮ್ಮದೇ ಎಂಬಂತೆ ಕೂರಿಸುವುದು ಬೇರೆ ಮಾತು. ಏಕೆಂದರೆ ಆ ನೋಟವನ್ನು ನಂಬಿಕೊಂಡು ಅವರು ಒಂದು ತೀರ್ಮಾನಕ್ಕೆ ಬರುತ್ತಾರೆ, ಮದುವೆಯ ಖರ್ಚಿನ ಮಾತನ್ನು ಆ ಅಳತೆಯ ಮೇಲೆ ಎತ್ತುತ್ತಾರೆ, ಆಮೇಲೆ ಆ ಲೆಕ್ಕ ತೀರಿಸುವವಳು ಅತ್ತೆಯ ಮನೆಗೆ ಹೋದ ಹುಡುಗಿ. ಸೋಫಾ ಸಂಜೆಗೆ ಅಂಗಡಿಗೆ ಮರಳುತ್ತದೆ, ಅವಳು ಮರಳುವಂತಿಲ್ಲ. ಬಟ್ಟೆ ಬದಲಾಯಿಸಿದ ಹಳೆಯ ಕುರ್ಚಿಯ ಮೇಲೆ ಕುಳಿತು ಚೂಡಾ-ಚಹಾ ತೆಗೆದುಕೊಂಡವರು ‘ಇವರು ಕೈಯಲ್ಲಿದ್ದುದನ್ನು ಚೊಕ್ಕವಾಗಿ ಇಟ್ಟುಕೊಳ್ಳುವವರು’ ಎಂದು ತಿಳಿದು ಹೋದರೆ, ಅವರು ತಿಳಿದದ್ದು ನಿಜ.

ಇನ್ನು ಹರಿದ ರೆಕ್ಸಿನನ್ನು ಹಾಗೆಯೇ ಬಿಟ್ಟು ‘ನಾವು ಸರಳ ಜನ’ ಎನ್ನುವವರೂ ಇದ್ದಾರೆ. ಇದರಲ್ಲೂ ಒಂದು ಪ್ರದರ್ಶನ ಉಂಟೆಂದು ನಮ್ಮ ಗುಮಾನಿ. ಕೂತವರ ಸೀರೆಗೆ ಮೊಳೆ ಸಿಕ್ಕಿ ಹರಿದರೆ ಸರಳತೆಯ ಬೆಲೆ ತೆತ್ತವರು ಅವರು.

ಬೆಲೆಬಾಳುವ ಕುರ್ಚಿ ಎಂದಾಗ ಹೈದರಾಬಾದಿನವರಿಗೆ ನೆನಪಾಗುವುದು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಊರಿನಿಂದ ನೆಂಟರು ಬಂದಾಗಲೆಲ್ಲ ಚಾರ್ಮಿನಾರ್ ಆದ ಮೇಲೆ ಅಲ್ಲಿಗೇ ಅವರನ್ನು ಕರೆದೊಯ್ಯುವುದು ನಮ್ಮೆಲ್ಲರ ವಾಡಿಕೆ. 1951ರಲ್ಲಿ ತೆರೆದು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಆ ಸಂಗ್ರಹದಲ್ಲಿ ದಂತದ ಕುರ್ಚಿಗಳಿವೆ. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನಿಗೆ ಕಾಣಿಕೆ ಕೊಟ್ಟವು ಎಂದು ಅವುಗಳ ಖ್ಯಾತಿ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಆ ದೊರೆಯನ್ನು ಕಂಡಿದ್ದರು. ಕೊಟ್ಟವನ ತಲೆ 1793ರಲ್ಲಿ ಉರುಳಿತು, ಪಡೆದವನು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ, ಕೊನೆಗೆ ಸಂಗ್ರಹಿಸಿದ ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡರು. ಕುರ್ಚಿಗಳು ಮಾತ್ರ ಇವೆ, ಯಾರೂ ಕೂರುವಂತಿಲ್ಲ. ನೋಡಲು ಅಮೋಘ. ಆದರೆ ಯಾರೂ ಕೂರದ ಕುರ್ಚಿಯನ್ನು ಕುರ್ಚಿ ಎನ್ನಬೇಕೇ ಎಂಬ ಅನುಮಾನ, ನೆಂಟರ ಹಿಂದೆ ಆ ಕೋಣೆಗಳಲ್ಲಿ ಕಾಲೆಳೆಯುತ್ತ ನಡೆಯುವಾಗ, ನಮ್ಮ ಕಾಲುಗಳಿಗಾದರೂ ಬರುತ್ತದೆ.

ಅದೇ ಫ್ರಾನ್ಸಿನಲ್ಲಿ, ಲೂಯಿ ಪಟ್ಟಕ್ಕೆ ಬರುವ ಮುನ್ನ, 1769ರಲ್ಲಿ ದಿದೆರೋ ಎಂಬ ತತ್ತ್ವಜ್ಞಾನಿ ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡ ದುಃಖದ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದ. ಹೊಸ ಬೆಲೆಬಾಳುವ ನಿಲುವಂಗಿ ಬಂತು. ಅದರ ಎದುರು ಕೋಣೆಯ ಒಂದೊಂದು ವಸ್ತುವೂ ಕಳಾಹೀನವಾಗಿ ಕಂಡಿತು. ಒಂದೊಂದನ್ನೇ ಬದಲಾಯಿಸುತ್ತ ಹೋದ. ಹುಲ್ಲಿನ ಆಸನದ ಅವನ ಹಳೆಯ ಕುರ್ಚಿ ಕೂಡ ಹೊರಕೋಣೆಗೆ ಹೋಗಿ, ಅದರ ಜಾಗಕ್ಕೆ ಚರ್ಮದ ಕುರ್ಚಿ ಬಂತು. ಈ ಸರಪಣಿಗೆ ಗ್ರಾಂಟ್ ಮೆಕ್‌ಕ್ರ್ಯಾಕೆನ್ ಎಂಬ ವಿದ್ವಾಂಸರು 1988ರಲ್ಲಿ ದಿದೆರೋನ ಹೆಸರನ್ನೇ ಇಟ್ಟರು. ಬೆರಳು ಒತ್ತಿದರೆ ಕಂತಿನ ಮೇಲೆ ಕುರ್ಚಿ ಬಾಗಿಲಿಗೆ ಬರುವ ಈ ದಿನಗಳಲ್ಲಿ ಅದರ ಅನುಭವ ಯಾರಿಗಿಲ್ಲ? ಹಳೆಯದನ್ನು ಸರಿಪಡಿಸಿದವರೂ ಈ ಸರಪಣಿಯಿಂದ ಪಾರಾದೆವೆಂದು ಬೀಗುವಂತಿಲ್ಲ. ನಮ್ಮ ನಾಲ್ಕು ಕುರ್ಚಿಗಳು ಕೆಂಪು-ಕಪ್ಪು ಚೌಕಳಿಯಲ್ಲಿ ನಳನಳಿಸತೊಡಗಿದ ಮರುದಿನವೇ ಮೇಜು ಮಂಕಾಗಿ ಕಂಡಿತು, ಅದರಾಚೆಯ ಪರದೆ ಇನ್ನೂ ಮಂಕಾಗಿ ಕಂಡಿತು. ಮನೆಯಾಕೆ ಮೊದಲೇ ಒಂದು ಮೊತ್ತವನ್ನು ಲಕೋಟೆಯಲ್ಲಿ ಹಾಕಿಟ್ಟಿದ್ದಳು. ಅದು ಮುಗಿದಲ್ಲಿಗೆ ಚೆಲುವೂ ಮುಗಿಯತಕ್ಕದ್ದು ಎಂಬುದು ಅವಳ ಕರಾರು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಿಗಿಂತ ಆ ಲಕೋಟೆ ನಮಗೆ ಹೆಚ್ಚು ಉಪಯೋಗಕ್ಕೆ ಬಂತು.

ಉಳಿತಾಯದ ಮಾತಿನಲ್ಲೇ ಇನ್ನೊಂದು ತೊಡಕಿದೆ. ಎಲ್ಲವನ್ನೂ ನಾವೇ ಮಾಡಿಕೊಂಡರೆ ಹಣ ಉಳಿಯಿತು ಎನ್ನುತ್ತೇವೆ. ಆ ಹಣ ಯಾರ ಕೈ ಸೇರಬೇಕಾಗಿತ್ತು? ಬೆತ್ತದ ಕುರ್ಚಿಯ ಕೆಲಸ ಮನೆಯಲ್ಲಿ ಆಗುವಂಥದಲ್ಲ. ಬೆತ್ತದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಚೌಕಟ್ಟಿನ ತೂತುಗಳಲ್ಲಿ ಹಿಂದು-ಮುಂದಾಗಿ ಎರಡು, ಎಡ-ಬಲವಾಗಿ ಎರಡು, ಓರೆಯಾಗಿ ಎರಡು ಹೀಗೆ ಆರು ಸಲ ಎಳೆ ಹಾಯಿಸಬೇಕು. ಒಣಗುತ್ತ ಬಂದ ಹಾಗೆ ಅದು ತಾನೇ ಬಿಗಿಯಾಗುತ್ತದೆ. ಸರ್ಕಾರಿ ಕಚೇರಿಗಳೆಲ್ಲ ಒಂದು ಕಾಲಕ್ಕೆ ಇಂಥ ಕುರ್ಚಿಗಳ ಮೇಲೇ ನಡೆದವು. ಈ ಕಸುಬನ್ನು ನಮ್ಮ ದೇಶದಲ್ಲಿ ಕಣ್ಣು ಕಾಣದವರಿಗೆ ಕಲಿಸುತ್ತಿದ್ದರು, ಕಚೇರಿಗಳಲ್ಲಿ ಕುರ್ಚಿ ಹೆಣೆಯುವ ಹುದ್ದೆಗಳನ್ನು ಅವರಿಗೆ ಕೊಡುತ್ತಿದ್ದರು. ತಾವು ಹೆಣೆದ ಹೂವಿನಂಥ ಕಣ್ಣುಗಳನ್ನು ಅವರು ಬೆರಳಿನಿಂದ ಮಾತ್ರ ಬಲ್ಲರು. ಪ್ಲಾಸ್ಟಿಕ್ ಮತ್ತು ಗಾಲಿ ಕುರ್ಚಿಗಳು ಬಂದ ಮೇಲೆ ಆ ಬೆರಳುಗಳಿಗೆ ಕೆಲಸ ಕಡಿಮೆಯಾಯಿತು. ಆದಕಾರಣ ನಾಲ್ಕು ಕುರ್ಚಿ ನಮ್ಮ ಕೈಯಲ್ಲಿ, ಎರಡು ಕಸುಬಿನವರ ಕೈಯಲ್ಲಿ ಎಂದು ಲಕೋಟೆಯ ಹಣವನ್ನು ಪಾಲು ಮಾಡಿದೆವು.

ಹೆಣೆಯಲು ಬಂದವರು ಅರವತ್ತು ದಾಟಿದ ಒಬ್ಬ ಮುಸಲ್ಮಾನ ಹಿರಿಯರು. ಬಾಗಿಲ ಬಳಿ ನೆಲದ ಮೇಲೆ ಕುಳಿತು ಎರಡು ದಿನ ಕೆಲಸ ಮಾಡಿದರು. ಕೆಲಸ ಮುಗಿದು ಚಹಾ ಬಂದಾಗ ಅಮ್ಮ, ‘ಮೇಲೆ ಕೂತು ಕುಡೀರಿ’ ಎಂದು ಅವರೇ ಹೆಣೆದ ಕುರ್ಚಿಯನ್ನು ಮುಂದೆ ಸರಿಸಿದರು. ‘ನಕ್ಕೋ ಅಮ್ಮಾ, ಹಮಾರಾ ಕಾಮ್ ಬುನ್‌ನೇ ಕಾ’ ಎಂದು ಆತ ನಕ್ಕುಬಿಟ್ಟರು. ನಮ್ಮ ಕೆಲಸ ಹೆಣೆಯುವುದು, ಅಷ್ಟೇ. ಷಡ್ಡಕರೂ ಅಂದು ಇದ್ದರು. ‘ಅವರಿಗೆ ಅಭ್ಯಾಸವಿಲ್ಲ, ಬಲವಂತ ಯಾಕೆ?’ ಎಂದರು.

ಅಭ್ಯಾಸವಿಲ್ಲ ಎಂಬುದು ಎಂಥ ಮಾತು! ಕೂರುವ ಜಾಗ ಎಂದೂ ಬರಿಯ ಸೌಖ್ಯದ ವಿಷಯವಾಗಿರಲಿಲ್ಲ. ಮಣೆಯ ಕಾಲದಲ್ಲಿ ಪಂಕ್ತಿಭೇದವಿತ್ತು. ಯಾರು ಒಳಗೆ, ಯಾರು ಜಗುಲಿಯಲ್ಲಿ, ಯಾರು ಅಂಗಳದಲ್ಲಿ ಎಂಬುದು ಎಲೆ ಹಾಕುವ ಮುನ್ನವೇ ಗೊತ್ತಿತ್ತು. ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಾಗಿತ್ತು, ಸಂಜೆ ಅದನ್ನು ತಾವೇ ಹೊತ್ತು ತರಬೇಕಾಗಿತ್ತು. ಮೇಜು-ಕುರ್ಚಿ ಬಂದಾಗ ಆ ಗೆರೆಗಳೆಲ್ಲ ಅಳಿಸಿಹೋದವೆಂದು ನಾವು ಸಮಾಧಾನಪಟ್ಟೆವು. ಎಷ್ಟು ಮನೆಗಳಲ್ಲಿ ಕುರ್ಚಿಯ ಧೂಳು ಒರೆಸುವಾಕೆ ಅದೇ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಾಳೆ? ಬಟ್ಟೆ ಯಾವ ಬಣ್ಣದ್ದಿರಲಿ ಎಂದು ಮೂರು ಸಂಜೆ ಚರ್ಚಿಸುವ ನಾವು ಈ ಪ್ರಶ್ನೆಗೆ ಮೂರು ನಿಮಿಷ ಕೊಡುವುದಿಲ್ಲ. ಹುಳುಕು ಎಂದು ಹುಡುಕುವುದಾದರೆ ಇಲ್ಲಿ ಹುಡುಕಬೇಕೆಂದು ಷಡ್ಡಕರಿಗೆ ನಾವು ಹೇಳಿದೆವು. ಅವರು ಸುಮ್ಮನಿದ್ದರು, ಒಪ್ಪಿದರೆಂದು ಹೇಳಲಾರೆವು.

ಅಮ್ಮ ವಾದಕ್ಕೆ ಕಾಯಲಿಲ್ಲ. ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, ‘ನೀವು ಹೆಣೆದದ್ದು ಗಟ್ಟಿ ಇದೆಯೋ ಇಲ್ಲವೋ, ಕೂತು ತೋರಿಸಿ’ ಎಂದರು. ಕಸುಬಿನ ಮೇಲೆ ಬಂದ ಮಾತನ್ನು ಆತ ಹೇಗೆ ತಳ್ಳಿಯಾರು? ಅಂಚಿನಲ್ಲಿ ಕುಳಿತರು, ಆಮೇಲೆ ಹಿಂದಕ್ಕೆ ಸರಿದು ಪೂರ್ತಿ ಭಾರ ಬಿಟ್ಟರು. ಒಂದು ಗುಟುಕು ಚಹಾ ಕುಡಿದು, ಎಡಕ್ಕೂ ಬಲಕ್ಕೂ ಒಮ್ಮೆ ವಾಲಿ, ಹುಬ್ಬು ಗಂಟಿಕ್ಕಿದರು. ಬೆತ್ತ ಚೆನ್ನಾಗಿತ್ತು. ಹಿಂದಿನ ಎಡಗಾಲಿನ ಸಂದು ಕೂದಲೆಳೆಯಷ್ಟು ಸಡಿಲವಾಗಿತ್ತು. ನೆಲದ ಮೇಲೆ ಕುಳಿತು ಹೆಣೆಯುವಾಗ ಅದು ತಿಳಿಯುವಂತಿರಲಿಲ್ಲವಂತೆ. ಲೋಟ ಕೆಳಗಿಟ್ಟು ಒಂದು ತೆಳುವಾದ ಮರದ ಚೂರು ಕೇಳಿದರು. ಮಗ ಹಳೆಯ ಅಡಿಪಟ್ಟಿಯನ್ನು ಮುರಿದು ಕೊಟ್ಟ. ಅದನ್ನು ಚಾಕುವಿನಿಂದ ಹೆರೆದು ಬೆಣೆ ಮಾಡಿ ಸಂದಿಗೆ ಬಡಿದು, ಮತ್ತೆ ಕುಳಿತು ನೋಡಿದರು. ಆಮೇಲೆ ಇನ್ನೊಂದು ಕುರ್ಚಿಯನ್ನೂ ಹತ್ತಿರಕ್ಕೆ ಎಳೆದುಕೊಂಡರು.